ಶೀಟ್ ಗೌಡರ ಶಿಕಾರಿ

ಎಲ್ಲ ಕನ್ನಡ ಬಳಗದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಪಿಕ್ನಿಕ್ಕಿಗೆ ತಲೆಗೆಷ್ಟು ಇಡ್ಲಿ, ಯಾರ ಕಾರಿನಲ್ಲಿ ಯಾರ ಅತ್ತೆ, ವಾಪಸ್ಸು ಬರುವಾಗ ಯಾರ ಪಾತ್ರೆ ಯಾರ ಡಿಕ್ಕಿಯಲ್ಲಿ ಎಂಬುದನ್ನೆಲ್ಲ ಎಕ್ಸೆಲ್ ಶೀಟಿಗೆ ಏರಿಸದೆ ಅವರಿಗೆ ತಿಂದದ್ದು ಅರಗುವುದಿಲ್ಲ. ಮಿನಿಯಾಪೊಲಿಸ್‌ನ ನಮ್ಮ ಗುಂಪಿನಲ್ಲಿ ಅವರು ಶೀಟ್ ಗೌಡರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಅದು ಪಾಸ್‌ಪೋರ್ಟಿಗೆ ಮಾತ್ರ ಗೊತ್ತು.

ಸಂಕ್ರಾಂತಿಯ ಎಳ್ಳುಬೆಲ್ಲ ಇನ್ನೂ ಬಾಯಲ್ಲಿರುವಾಗಲೇ ಗೌಡರ ವಾಟ್ಸಾಪ್ ಫರ್ಮಾನು ಬಂತು: “ಅಕ್ಟೋಬರ್ ಮೂರನೇ ಶನಿವಾರ ಯಾರೂ ಗೃಹಪ್ರವೇಶ, ಸತ್ಯನಾರಾಯಣ ಪೂಜೆ ಒಪ್ಪಿಕೊಳ್ಳತಕ್ಕದ್ದಲ್ಲ. ಸೌತ್ ಡಕೋಟಾಕ್ಕೆ ಫೆಸೆಂಟ್ ಶಿಕಾರಿ.”

ಗೌಡರದ್ದು ತೀರ್ಥಹಳ್ಳಿ ಕಡೆಯ ಮನೆ. ಅವರ ಅಜ್ಜ ಕೇಪಿನ ಕೋವಿಯಲ್ಲಿ ಹಂದಿ ಹೊಡೆದ ಕಥೆಯನ್ನು ನಾನೇ ಹದಿನಾಲ್ಕು ಸಲ ಕೇಳಿದ್ದೇನೆ; ಒಂದೊಂದು ಸಲಕ್ಕೂ ಹಂದಿ ಒಂದೊಂದು ಮಣ ದಪ್ಪವಾಗಿದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕೋವಿ ಅಟ್ಟ ಸೇರಿತಂತೆ. ಹಂದಿ ಮಾತ್ರ ಬೆಳೆಯುತ್ತಲೇ ಇದೆ.

“ಗೌಡ್ರೇ, ನಾನು ಮೊಟ್ಟೆಯನ್ನೂ ತಿನ್ನೋದಿಲ್ಲ” ಎಂದೆ.

“ಅದಕ್ಕೇ ಕಣ್ರೀ ನಿಮ್ಮನ್ನ ಬ್ಲಾಕರ್ ಮಾಡಿರೋದು. ನೀವು ಸುಮ್ನೆ ನಿಂತ್ಕೊಂಡಿದ್ರೆ ಸಾಕು.”

ಫೆಸೆಂಟ್ ಎಂಬ ಈ ಕೋಳಿಜಾತಿಯ ಹಕ್ಕಿಗೆ ರೆಕ್ಕೆ ಇದ್ದರೂ ನಂಬಿಕೆಯೆಲ್ಲ ಕಾಲಿನ ಮೇಲೆ. ಮೆಕ್ಕೆಜೋಳದ ಹೊಲದಲ್ಲಿ ಜನ, ನಾಯಿ ಸಾಲಾಗಿ ಈ ಕಡೆಯಿಂದ ಬಂದರೆ ಅದು ಸಾಲಿನ ಸಂದಿಯಲ್ಲೇ ಓಡಿ ಆ ಕಡೆಯಿಂದ ಪರಾರಿ. ಆ ಕಡೆ ಬೇಲಿಗೂಟದಂತೆ ನಿಂತು ಅದನ್ನು ಗಾಬರಿಪಡಿಸಿ ಮೇಲಕ್ಕೆಬ್ಬಿಸುವವನು ಬ್ಲಾಕರ್. ಒಟ್ಟಿನಲ್ಲಿ ನನ್ನ ಹುದ್ದೆ ಬೆರ್ಚಪ್ಪನದು.

ಯುಗಾದಿಯ ಹೊತ್ತಿಗೆ ಶೀಟಿಗೆ ಹನ್ನೊಂದು ಹಾಳೆಗಳಾದವು. ಒಂದು ಹಾಳೆ ಪೂರ್ತಿ ಹಕ್ಕಿಯ ಪೂರ್ವೋತ್ತರ. ಶಾಂಘೈಯಲ್ಲಿದ್ದ ಅಮೆರಿಕದ ಕಾನ್ಸಲ್ ಜನರಲ್ ಓವನ್ ಡೆನ್ನಿ 1881ರಲ್ಲಿ ಚೀನಾದಿಂದ ಆರೆಗಾನ್‌ಗೆ ಕಳಿಸಿದ ಹಕ್ಕಿಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಸತ್ತವು. ಮರುವರ್ಷ ಕಳಿಸಿದವು ನೆಲೆ ನಿಂತವು. ಸೌತ್ ಡಕೋಟಾದಲ್ಲಿ 1919ರಲ್ಲಿ ಮೊದಲ ಬೇಟೆ, 1943ರಲ್ಲಿ ರಾಜ್ಯಪಕ್ಷಿಯ ಪಟ್ಟ. “ನೋಡ್ರೀ, ಅದಕ್ಕೂ ಮೊದಲ ಸಲ ರಿಜೆಕ್ಟೇ. ಈಗ ರಾಜ್ಯಪಕ್ಷಿ! ನಮಗೆ ಇನ್ನೂ ಗ್ರೀನ್ ಕಾರ್ಡೇ ಬಂದಿಲ್ಲ” ಎಂದು ಗೌಡರು ನಿಟ್ಟುಸಿರಿಟ್ಟರು. ವೀಸಾದವರು ಕೋವಿ ಮುಟ್ಟಬೇಕಾದರೆ ಬೇಟೆಯ ಲೈಸೆನ್ಸ್ ಕೈಯಲ್ಲಿರಬೇಕು ಎಂಬ ಕಾನೂನಿಗೆ ಕೆಂಪು ಬಣ್ಣದ ಪ್ರತ್ಯೇಕ ಹಾಳೆ.

ಕೂಲರಿನ ಹಾಳೆಯಲ್ಲಿ ಲೆಕ್ಕ ಹೀಗಿತ್ತು: ಕೋವಿ ನಾಲ್ಕು, ತಲೆಗೆ ದಿನಕ್ಕೆ ಮೂರು ಹುಂಜ, ಮೂರು ದಿನ, ಒಟ್ಟು 36. ಹೇಂಟೆ ಹೊಡೆಯುವಂತಿಲ್ಲ. ಸಾಗಿಸುವಾಗ ಹುಂಜವೆಂಬುದಕ್ಕೆ ಗುರುತಾಗಿ ಕಾಲೋ ಗರಿಯಿರುವ ತಲೆಯೋ ಬಿಟ್ಟಿರಬೇಕು. “ಸತ್ತ ಮೇಲೂ ಐಡಿ ಪ್ರೂಫ್” ಎಂದು ಗೌಡರ ಟಿಪ್ಪಣಿ. ಪಕ್ಕದಲ್ಲೇ ಯಾರ ಮನೆಗೆ ಎಷ್ಟು ಎಂಬ ಹಂಚಿಕೆಪಟ್ಟಿ, ಅದರ ಪಕ್ಕ ಕಡುಬಿಗೆ ಬೇಕಾದ ಅಕ್ಕಿತರಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರೆ. ಗೌಡರು ಕೂಸಿಗೆ ಸಂಬಂಧವನ್ನೂ ನೋಡಿಟ್ಟಿದ್ದರು.

ಅಕ್ಟೋಬರ್ ಬಂತು. ಐದು ಗಂಟೆಯ ದಾರಿ. ಶೀಟಿನ ಪ್ರಕಾರ ಸಂಜೆ 4:10ರಿಂದ 4:25ರವರೆಗೆ ಹ್ಯೂರನ್ ಊರಿನ 28 ಅಡಿಯ ಫೆಸೆಂಟ್ ಪ್ರತಿಮೆಯ ಮುಂದೆ ಫೋಟೊ. 4:25ಕ್ಕೆ ಸರಿಯಾಗಿ ವ್ಯಾನ್ ಹೊರಟಿತು. ಬೂಟಿನ ದಾರ ಕಟ್ಟುತ್ತಿದ್ದವನು ಓಡಿ ಬಂದು ಹತ್ತಿದ.

ಶನಿವಾರ ಬೆಳಿಗ್ಗೆ ಕಿತ್ತಳೆ ಜಾಕೆಟ್ ತೊಟ್ಟು ಹೊಲದ ಅಂಚಿಗೆ ಬಂದೆವು. ಹತ್ತು ಗಂಟೆಗೆ ಮೊದಲು ಗುಂಡು ಹಾರಿಸುವಂತಿಲ್ಲ ಎಂಬುದು ಆ ರಾಜ್ಯದ ನಿಯಮ. ಹತ್ತಾಯಿತು. ಹೊಲದ ಯಜಮಾನ ನಾಯಿಯೊಂದಿಗೆ ಎದ್ದುನಿಂತ. ಗೌಡರು ಕೈ ಅಡ್ಡ ಹಿಡಿದು ಶೀಟ್ ತೋರಿಸಿದರು. “10:00, ಸರ್ಕಾರದ ಮುಹೂರ್ತ. 10:31, ಅಮ್ಮನ ಮುಹೂರ್ತ.” ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ, ತೀರ್ಥಹಳ್ಳಿಯಿಂದ ಫೋನಿನಲ್ಲಿ ಕಟ್ಟಪ್ಪಣೆಯಾಗಿತ್ತು. ರಾಹುವೆಂದರೆ ಯಾರೆಂದು ರೈತನಿಗೆ ಇಂಗ್ಲಿಷಿನಲ್ಲಿ ತಿಳಿಸುವ ಹೊಣೆ ಬ್ಲಾಕರಿಗೆ ಬಿತ್ತು.

ಕೋವಿಗಳು ವ್ಯಾನಿನಲ್ಲಿ, ನಮ್ಮ ಕೈಯಲ್ಲಿ ಉಪ್ಪಿಟ್ಟು. ಲ್ಯಾಬ್ರಡಾರ್ ಮೂಗಿಟ್ಟು ಚರಂಡಿಯ ಹುಲ್ಲಿಗೆ ನುಗ್ಗಿತು. 10:12. ಗೌಡರ ಬೂಟಿನಿಂದ ಎರಡು ಮಾರು ದೂರದಲ್ಲಿ ಕುಕ್ಕರ್ ಸಿಡಿದಂತೆ ಹುಂಜ ಎದ್ದಿತು. ಹಸಿರು ತಲೆ, ಕೆಂಪು ಕೆನ್ನೆ, ಕೊರಳಿಗೆ ಬಿಳಿ ಕಂಠಿ, ತಾಮ್ರದ ಮೈ, ಹಿಂದೆ ಉದ್ದ ಬಾಲ. ಕೊಕ್ಕೊಕ್ಕೆಂದು ಬೈಯುತ್ತ ನಮ್ಮ ತಲೆಯ ಮೇಲೇ ಹಾದು ಹೋಯಿತು. ನಾಯಿ ಹಕ್ಕಿಯನ್ನು ನೋಡಿತು, ಗೌಡರನ್ನು ನೋಡಿತು, ಆಮೇಲೆ ಅವರ ಕೈಯ ಚಮಚವನ್ನು ನೋಡಿತು.

ಆ ವರ್ಷ ಕಟಾವು ತಡ. ನಿಂತ ಜೋಳದೊಳಗೆ ಹಕ್ಕಿಗಳು ಹಾಯಾಗಿದ್ದವು. ಮೂರು ದಿನ ನಡೆದದ್ದಕ್ಕೆ ಎದ್ದದ್ದು ಐದು ಹೇಂಟೆ. ಕೂಲರಿನಲ್ಲಿ ರಸ್ತೆಬದಿ ಕೊಂಡ ಸಿಹಿಗುಂಬಳ ಬಂತು. ಹಂಚಿಕೆಪಟ್ಟಿಯ ಪ್ರಕಾರವೇ ಹಂಚಲಾಯಿತು.

ದೀಪಾವಳಿಯ ಊಟಕ್ಕೆ ಕೂತಾಗ ಗೌಡರು ಆ ಹುಂಜದ ಕಥೆ ತೆಗೆದರು. ಬಾಲ ಒಂದೂವರೆ ಅಡಿ ಇತ್ತು. ಮೊನ್ನೆ ಸಂಕ್ರಾಂತಿಯಲ್ಲಿ ಬಾಲವೇ ಮೂರಡಿ. ಹ್ಯೂರನ್ನಿನ ಪ್ರತಿಮೆಗೆ ಇನ್ನು ಇಪ್ಪತ್ತೈದೇ ಅಡಿ ಬಾಕಿ.