ಸೇಫ್ಟಿ ರೇಜರಿನ ಲಘು-ಗುರು ನಿರ್ಣಯ

ಮನೆಯಲ್ಲೇ ಗಡ್ಡ ಹೆರೆದುಕೊಳ್ಳುವವರಲ್ಲಿ ಎರಡು ಮತಗಳಿವೆ. ರೇಜರ್ ಕೈ ತುಂಬ ಭಾರವಾಗಿರಬೇಕು ಎನ್ನುವವರು ಗುರುವಾದಿಗಳು; ಕೈಯಲ್ಲಿ ಇದೆಯೋ ಇಲ್ಲವೋ ಎಂಬಂತಿರಬೇಕು ಎನ್ನುವವರು ಲಘುವಾದಿಗಳು. ಹಿಡಿಯ ಉದ್ದದ ವಿಷಯದಲ್ಲಿ ಹ್ರಸ್ವಪಂಥ, ದೀರ್ಘಪಂಥಗಳು ಬೇರೆ. ಛಂದಶ್ಶಾಸ್ತ್ರಕ್ಕೆ ಬೇಕಾದ ಸಾಮಗ್ರಿಯೆಲ್ಲ ಬಚ್ಚಲುಮನೆಯ ಗೂಡಿನಲ್ಲೇ ಇದ್ದರೂ ವಿದ್ವಾಂಸರು ಈವರೆಗೆ ಅದರ ಕಡೆ ಕಣ್ಣು ಹಾಯಿಸದಿರುವುದು ವಿಷಾದದ ಸಂಗತಿ.

ಮೊದಲು ವಿವಾದದ ವಸ್ತುವನ್ನು ತೂಗಬೇಕು. ಎರಡು ಅಲಗಿನ ಬ್ಲೇಡಿನ ಉದ್ದ ಸುಮಾರು 43 ಮಿ.ಮೀ., ಅಗಲ 22 ಮಿ.ಮೀ., ದಪ್ಪ 0.1 ಮಿ.ಮೀ.; ತೂಕ ಒಂದು ಗ್ರಾಂ ಕೂಡ ಆಗದು. ಕೂದಲು ಕೊಯ್ಯುವುದು ಇದೊಂದೇ. ಉಳಿದದ್ದೆಲ್ಲ ಅದನ್ನು ಹೊರುವ ಪಲ್ಲಕ್ಕಿ. ಆ ಪಲ್ಲಕ್ಕಿ 37 ಗ್ರಾಂ ತೂಗಬೇಕೋ 77 ಗ್ರಾಂ ತೂಗಬೇಕೋ ಎಂಬುದೇ ಪ್ರಕೃತ ಜಿಜ್ಞಾಸೆ.

ಆದಿಯಲ್ಲಿ ಮತಭೇದವಿರಲಿಲ್ಲ. 1903ರಲ್ಲಿ ಬಾಸ್ಟನ್ನಿನ ಕಿಂಗ್ ಕ್ಯಾಂಪ್ ಜಿಲೆಟ್ ಮಾರಿದ್ದು 51 ರೇಜರ್, 168 ಬ್ಲೇಡ್. ಅಷ್ಟು ಚಿಕ್ಕ ಭಕ್ತಗಣದಲ್ಲಿ ಪಂಥ ಒಡೆಯುವುದಾದರೂ ಹೇಗೆ? ಮೊದಲ ಮಹಾಯುದ್ಧದ ಕೊನೆಯಲ್ಲಿ ಅಮೆರಿಕ ಸರ್ಕಾರ ತನ್ನ ಸೈನ್ಯಕ್ಕಾಗಿ 35 ಲಕ್ಷ ರೇಜರುಗಳನ್ನು ಕೊಂಡಾಗಲೂ ಪ್ರತಿ ಸಿಪಾಯಿಯ ಅಂಗೈ ಅಳೆದಿರಲಾರದು. ಭಿನ್ನಾಭಿಪ್ರಾಯ ನಿಧಾನಕ್ಕೆ ಬಂತು, ಸಮೃದ್ಧಿಯ ಜೊತೆಗೆ. 1958ರ ಜಿಲೆಟ್ ಅಡ್ಜಸ್ಟಬಲ್ ರೇಜರಿನ ದಪ್ಪ ಹಿಡಿಯನ್ನು ಕಂಡು ಜನ ಅದನ್ನು ‘ಫ್ಯಾಟ್ ಬಾಯ್’ ಎಂದು ಕರೆದರು. ಕೆಲವೇ ವರ್ಷಗಳಲ್ಲಿ ಕಂಪನಿಯೇ ‘ಸ್ಲಿಮ್’ ಎಂಬ ಸಪೂರ ಹಿಡಿಯದನ್ನು ಹೊರತಂದಿತು. ಒಂದೇ ಮಠದಲ್ಲಿ ಎರಡು ಪೀಠ.

ಗುರುವಾದಿಗಳ ಮೂಲಸೂತ್ರ ಹೀಗಿದೆ: ಒತ್ತಬೇಡ, ರೇಜರಿನ ತೂಕವೇ ಕೆಲಸ ಮಾಡಲಿ. ಕೇಳಲು ಉಪನಿಷತ್ತಿನಂತಿದೆ. ಆದರೆ ನಿಂತ ಮನುಷ್ಯನ ಕೆನ್ನೆ ನೆಲಕ್ಕೆ ಲಂಬವಾಗಿರುತ್ತದೆ. ತೂಕ ರೇಜರನ್ನು ಕೆಳಕ್ಕೆ ಎಳೆಯುತ್ತದೆಯೇ ವಿನಾ ಚರ್ಮದೊಳಕ್ಕೆ ಒತ್ತುವುದಿಲ್ಲ. ಅಂದರೆ ಸೂತ್ರಕ್ಕೆ ಪೂರ್ಣ ಪ್ರಾಮಾಣ್ಯ ಸಿಗುವುದು ಕೆನ್ನೆಯ ಮೇಲಿಂದ ಕೆಳಕ್ಕೆ ಎಳೆಯುವಾಗ ಮಾತ್ರ. ಗಂಟಲಿನಲ್ಲಿ ಕೆಳಗಿನಿಂದ ಮೇಲಕ್ಕೆ, ಕೂದಲಿನ ಎದುರು ದಿಕ್ಕಿಗೆ ಹೊರಟರೆ ಅದೇ ಗುರುತ್ವ ವಿರೋಧ ಪಕ್ಷ ಸೇರುತ್ತದೆ. ಇಲ್ಲಿ ಗುರುವಾದಿಗಳು ಮಾತು ಬದಲಿಸಿ, ಭಾರದಿಂದ ಕೈ ನಡುಗುವುದಿಲ್ಲ ಎನ್ನುತ್ತಾರೆ. ಅದರಲ್ಲಿ ಹುರುಳಿದೆ, ಒಪ್ಪಬೇಕು: ಹೆಚ್ಚು ತೂಕದ ವಸ್ತು ಸಣ್ಣಪುಟ್ಟ ಕುಲುಕಾಟಕ್ಕೆ ಬೇಗ ಜಗ್ಗುವುದಿಲ್ಲ.

ಲಘುವಾದಿಗಳ ಇತ್ತೀಚಿನ ಆಧಾರ ಕೆನಡಾದ ಹೆನ್ಸನ್. ವಿಮಾನದ ಬಿಡಿಭಾಗ ಕೊರೆಯುವ ಕಸುಬಿನವರು ಅಲ್ಯೂಮಿನಿಯಮ್ಮಿನಲ್ಲಿ ಕೊರೆದ ಈ ರೇಜರ್ ತೂಗುವುದು 37 ಗ್ರಾಂ. ಉಕ್ಕಿನ ಸಾಂದ್ರತೆಯ ಮೂರನೆಯ ಒಂದು ಭಾಗ ಮಾತ್ರ ಇರುವ ಲೋಹವಾದ್ದರಿಂದ ಹಿಡಿ ಉದ್ದವಾದರೂ ಹೊರೆ ಎನಿಸದು: ದೀರ್ಘವಾಗಿಯೂ ಲಘು. ಕನ್ನಡ ಛಂದಸ್ಸು ಇದನ್ನು ಒಪ್ಪುವುದಿಲ್ಲ, ಆದರೆ ತಕ್ಕಡಿ ಒಪ್ಪುತ್ತದೆ.

ಹ್ರಸ್ವವೂ ಗುರುವಾಗುವುದಕ್ಕೆ ಮಾತ್ರ ಶಾಸ್ತ್ರಸಮ್ಮತ ಉದಾಹರಣೆಯಿದೆ. ಜರ್ಮನಿಯ ಜೋಲಿಂಗೆನ್ನಿನ ಮೆರ್ಕೂರ್ 34ಸಿ ಮೋಟು ಹಿಡಿಯದು. ಆದರೂ ಸುಮಾರು 77 ಗ್ರಾಂ ತೂಗುತ್ತದೆ. ಹ್ರಸ್ವಾಕ್ಷರದ ಮುಂದೆ ಒತ್ತಕ್ಷರ ಬಂದರೆ ಅದು ಗುರುವಾಗುವಂತೆ, ಹಿಡಿಯ ಮುಂದೆ ಗಟ್ಟಿ ತಲೆ ಕೂತಿರುವುದರಿಂದ ಇಲ್ಲಿ ಭಾರವೆಲ್ಲ ಬ್ಲೇಡಿನ ಹತ್ತಿರವೇ ಸೇರಿದೆ. ಇದೇ ಸಂಸ್ಥೆಯ 38ಸಿ ಉದ್ದ ಹಿಡಿಯದು, ತೂಕ ನೂರು ಗ್ರಾಂ ದಾಟುತ್ತದೆ. ಭಾರದ ಬಹುಪಾಲು ಹಿಡಿಯಲ್ಲೇ. ಪ್ರಸ್ತುತ ಪ್ರಬಂಧದ ಸಿದ್ಧಾಂತ ಇಲ್ಲಿಂದಲೇ ಹೊರಡುತ್ತದೆ: ತೂಕ ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ. ಇನ್ನು ಹಿಡಿಯನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತುದಿಯಲ್ಲಿ ಹಿಡಿಯುವವರಿಗೆ ಉದ್ದ ಹಿಡಿಯ ಕೆಳಭಾಗ ಕೇವಲ ಆಸ್ತಿ, ಉಪಯೋಗವಲ್ಲ. ಸೋಪು ಮೆತ್ತಿದ ಬೆರಳಿಗೆ ಬೇಕಾದದ್ದು ಉದ್ದಕ್ಕಿಂತ ಹೆಚ್ಚಾಗಿ ಹಿಡಿಯ ಮೇಲಿನ ತರಿತರಿ ಗೀರುಗಳು.

ಭಾರತದ ಅಧ್ಯಾಯ ಬೇರೆಯೇ. ಜಿಲೆಟ್ ಇಲ್ಲಿಗೆಂದು ಮಾಡಿದ ಒಂದು ಕಾರ್ಟ್ರಿಡ್ಜ್ ರೇಜರನ್ನು ಎಂಐಟಿಯ ಭಾರತೀಯ ವಿದ್ಯಾರ್ಥಿಗಳಿಗೆ ಕೊಟ್ಟು ಪರೀಕ್ಷಿಸಿತ್ತು. ಅವರೆಲ್ಲ ನಲ್ಲಿ ಬಿಟ್ಟುಕೊಂಡು ಶೇವ್ ಮಾಡಿದರು, ಎಲ್ಲವೂ ಸುಸೂತ್ರ. ಇಲ್ಲಿ ಲೋಟದ ನೀರಿನಲ್ಲಿ ಅದ್ದಿದಾಗ ಕೂದಲು ಸಿಕ್ಕಿಕೊಂಡಿತು. ಆಮೇಲೆ ಕಂಪನಿಯವರು ಮನೆಮನೆಗೆ ಬಂದು, ನೆಲದ ಮೇಲೆ ಕೂತು ಗಡ್ಡ ಹೆರೆದುಕೊಳ್ಳುವವರನ್ನು ಗಂಟೆಗಟ್ಟಲೆ ನೋಡಿ 2010ರಲ್ಲಿ ‘ಗಾರ್ಡ್’ ತಂದರು: ಒಂದೇ ಬ್ಲೇಡು, ಬೆಲೆ 15 ರೂಪಾಯಿ, ಒಳಗೆ ಟೊಳ್ಳಾದ ಪ್ಲಾಸ್ಟಿಕ್ ಹಿಡಿ. ಲಘುವಾದಿಗಳು ಇದನ್ನು ತಮ್ಮ ವಿಜಯವೆಂದು ಹೇಳಿಕೊಳ್ಳಬಹುದು. ಟೊಳ್ಳು ಮಾಡಿದ್ದು ಖರ್ಚು ಉಳಿಸಲಿಕ್ಕೆ ಎಂಬುದನ್ನು ಅಡಿಟಿಪ್ಪಣಿಗೆ ತಳ್ಳಿದರಾಯಿತು.

ನಮ್ಮೂರ ಕಟಿಂಗ್ ಶಾಪಿನಲ್ಲಿ ಈ ಶಾಸ್ತ್ರಕ್ಕೆ ಪ್ರವೇಶವಿಲ್ಲ. ಅಲ್ಲಿ ಅದೇ ಎರಡು ಅಲಗಿನ ಬ್ಲೇಡನ್ನು ಕಾಗದದ ಸಮೇತ ಉದ್ದಕ್ಕೆ ಮುರಿದು, ಅರ್ಧವನ್ನು ಮಡಚುಗತ್ತಿಗೆ ಸಿಕ್ಕಿಸುತ್ತಾರೆ. ಹಿಡಿಯ ಅಳತೆ ಕ್ಷೌರಿಕನ ಕೈಗೆ ಸಂಬಂಧಿಸಿದ್ದು. ತಲೆ ಹಿಂದಕ್ಕೆ ವಾಲಿಸಿ ಗಂಟಲು ಒಡ್ಡಿ ಕೂತ ಗಿರಾಕಿ ಗುರುವಾದಿಯೋ ಲಘುವಾದಿಯೋ ಗೊತ್ತಾಗುವುದಿಲ್ಲ. ಆ ಹೊತ್ತಿಗೆ ಅವನು ಎಂಜಲು ನುಂಗಲೂ ಅನುಮತಿ ಕೇಳುವ ಸ್ಥಿತಿಯಲ್ಲಿರುತ್ತಾನೆ.