ಬೇಲಿಯಾಚೆಯ ರ‍್ಯಾಪ್ ಹುಡುಗ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ತಂತಿ ಬೇಲಿ, ಅದಕ್ಕೆ ಒರಗಿಕೊಂಡು ಒಂದು ನುಗ್ಗೆ ಮರ. ಕಾಯಿ ಯಾರ ಕಡೆ ಬಾಗಿದರೆ ಅವರಿಗೆ ಸಾಂಬಾರು, ಅಷ್ಟೇ ಲೆಕ್ಕ. ಧಾರಾಪುರಂನ ಬಿಸಿಲು ಇಳಿದು ಅಮರಾವತಿ ಹೊಳೆ ಕಡೆಯ ಗಾಳಿ ಬೀಸುವ ಹೊತ್ತಿಗೆ ಪಕ್ಕದ ಮನೆಯ ಅಕ್ಕ ಆ ಕಡೆ, ನಾನು ಈ ಕಡೆ. ಅವರ ಮನೆಯದೂ ನೇಕಾರ ಮನೆತನ, ನಮ್ಮದೂ ಅದೇ. ಬೀದಿಯಲ್ಲಿ ತಮಿಳು, ಬೇಲಿಯ ಹತ್ತಿರ ಕನ್ನಡ. ನಲವತ್ತು ವರ್ಷದಿಂದ ಹೀಗೇ ನಡೆದು ಬಂದಿದೆ.

ಮೊನ್ನೆ ಅಕ್ಕ ಮುಖ ಸಪ್ಪಗೆ ಮಾಡಿಕೊಂಡು ಬಂದರು. “ನನ್ನ ಮೊಮ್ಮಗನಿಗೆ ಏನೋ ಆಗಿದೆ ಕಣಮ್ಮ. ಸಂಜೆಯಾದರೆ ಮಾಳಿಗೆ ಹತ್ತಿ ಒಬ್ಬನೇ ಗಡಗಡ ಅಂತ ಮಾತಾಡ್ತಾನೆ. ಜಗಳವೂ ಅಲ್ಲ, ಹಾಡೂ ಅಲ್ಲ. ಕೇಳಿದರೆ ರ‍್ಯಾಪ್ ಅಂತಾನೆ. ಅವರಪ್ಪ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹೊಲಿದು ಹೊಲಿದು ಬೆನ್ನು ಬಾಗಿಸಿಕೊಂಡಿದ್ದಾನೆ, ಇವನು ನೋಡಿದರೆ ಹಿಂಗೆ.”

ಹುಡುಗನನ್ನು ಕರೆದೆ. “ಏನೋ ಅದು, ನಮಗೂ ಕೇಳಿಸು” ಅಂದೆ. ನಾಚಿಕೊಂಡ. ಆಮೇಲೆ ಫೋನ್ ತೆಗೆದು ಲಂಡನ್ನಿನ ಒಬ್ಬ ಹುಡುಗನ ಹಾಡು ಹಾಕಿದ. “ಅತ್ತೆ, ಇವನ ಹೆಸರು ಡೇವ್” ಅಂದ. ಅವತ್ತಿನಿಂದ ವಾರವಿಡೀ ನಮ್ಮ ಬೇಲಿಯ ಮಾತೆಲ್ಲ ಡೇವ್‌ನದೇ.

ಅಕ್ಕನಿಗೆ ನಾನು ಹೇಳಿದ್ದು ಇಷ್ಟು. ನಿಜವಾದ ಹೆಸರು ಡೇವಿಡ್ ಒಮೊರೆಗಿ. ಹುಟ್ಟಿದ್ದು 1998ರ ಜೂನ್‌ನಲ್ಲಿ, ತಂದೆ ತಾಯಿ ನೈಜೀರಿಯಾದವರು. ಬೆಳೆದದ್ದು ದಕ್ಷಿಣ ಲಂಡನ್ನಿನ ಸ್ಟ್ರೆಥಮ್‌ನಲ್ಲಿ. ತಾಯಿ ನರ್ಸ್, ಒಬ್ಬಳೇ ಮಕ್ಕಳನ್ನು ಸಾಕಿದವಳು. ಇಬ್ಬರು ಅಣ್ಣಂದಿರು ಜೈಲು ಸೇರಿದರು. ಇವನೂ ಅದೇ ದಾರಿ ಹಿಡಿಯಬಹುದಿತ್ತು. ಹದಿನಾಲ್ಕನೇ ವಯಸ್ಸಿನಲ್ಲಿ ಕ್ರಿಸ್‌ಮಸ್‌ಗೆ ಮನೆಗೆ ಒಂದು ಕೀಬೋರ್ಡ್ ಬಂತು. ಅದರ ಮುಂದೆ ಕೂತವನು ಎದ್ದದ್ದು ಹಾಡುಗಾರನಾಗಿ.

“ತಾಯಿ ನರ್ಸಾ?” ಅಂದರು ಅಕ್ಕ. ಅವರ ದೊಡ್ಡ ಮಗಳೂ ನರ್ಸ್. ರಾತ್ರಿ ಪಾಳಿ ಮುಗಿಸಿ ಬರುವವರ ಕಾಲುನೋವು ಅಕ್ಕನಿಗೆ ಗೊತ್ತು. ಅಲ್ಲಿಂದ ಡೇವ್ ಅವರಿಗೆ ಪರದೇಶದವನಾಗಿ ಉಳಿಯಲಿಲ್ಲ.

2019ರಲ್ಲಿ ಅವನ ಮೊದಲ ಪೂರ್ಣ ಆಲ್ಬಂ ‘ಸೈಕೋಡ್ರಾಮಾ’ ಬಂತು. ಮನಸ್ಸಿನ ವೈದ್ಯರ ಎದುರು ಕೂತು ಒಳಗಿದ್ದದ್ದನ್ನು ಹೊರಗೆ ಹಾಕುವ ಹಾಗೆ ಅದರ ರಚನೆ. ಜೈಲಿನಲ್ಲಿದ್ದ ಅಣ್ಣನಿಗೆ ಕೊಡುತ್ತಿದ್ದ ನಾಟಕ ಚಿಕಿತ್ಸೆಯೇ ಅದಕ್ಕೆ ಮೂಲ. ಆ ವರ್ಷದ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಅದಕ್ಕೇ ಬಂತು, ಆಗ ಅವನಿಗೆ 21 ವರ್ಷ. ಮರುವರ್ಷ ಬ್ರಿಟ್ ಪ್ರಶಸ್ತಿಯಲ್ಲೂ ವರ್ಷದ ಆಲ್ಬಂ ಅದೇ. ಆ ಸಮಾರಂಭದಲ್ಲಿ ಪಿಯಾನೋ ಮುಂದೆ ಕೂತು ‘ಬ್ಲ್ಯಾಕ್’ ಅನ್ನುವ ಹಾಡು ಹಾಡಿದ. ಅದಕ್ಕೆ ಹೊಸ ಸಾಲು ಸೇರಿಸಿ ದೇಶದ ಪ್ರಧಾನಿಯನ್ನೇ ನೇರವಾಗಿ ಟೀಕಿಸಿದ, ಬೆಂಕಿ ಬಿದ್ದ ಗ್ರೆನ್‌ಫೆಲ್ ಕಟ್ಟಡದ ಜನರಿಗೆ ಮನೆ ಕೇಳಿದ. 2023ರಲ್ಲಿ ಸೆಂಟ್ರಲ್ ಸೀ ಅನ್ನುವ ರ‍್ಯಾಪರ್ ಜೊತೆ ಮಾಡಿದ ‘ಸ್ಪ್ರಿಂಟರ್’ ಹತ್ತು ವಾರ ಬ್ರಿಟನ್ನಿನ ಪಟ್ಟಿಯ ನೆತ್ತಿಯಲ್ಲಿ ಕೂತಿತ್ತು.

ಇದೆಲ್ಲಕ್ಕಿಂತ ಅಕ್ಕನನ್ನು ಹಿಡಿದು ನಿಲ್ಲಿಸಿದ್ದು ‘ಲೆಸ್ಲಿ’. ಹನ್ನೊಂದು ನಿಮಿಷದ ಹಾಡು. ಗಂಡಸಿನ ಕೈಯಲ್ಲಿ ನರಳುವ ಒಬ್ಬ ಹೆಣ್ಣುಮಗಳ ಕಥೆ ಅದರಲ್ಲಿದೆ. ಹುಡುಗ ಅಲ್ಲಲ್ಲಿ ನಿಲ್ಲಿಸಿ ಅಜ್ಜಿಗೆ ಅರ್ಥ ಹೇಳಿದ. ಅಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, “ಇದು ಕಥೆ ಹೇಳೋ ಹಾಡು ಕಣೋ. ಮಗ್ಗದ ಹತ್ತಿರ ಕೂತು ನಮ್ಮತ್ತೆ ಹೇಳ್ತಿದ್ದರಲ್ಲ, ಹಂಗೇ” ಅಂದರು. ಒಂದು ಇಂಗ್ಲಿಷ್ ಪದ ಬಾರದ ಹೆಂಗಸು ಲಂಡನ್ನಿನ ರ‍್ಯಾಪಿನ ಮರ್ಮ ಹಿಡಿದದ್ದು ಹೀಗೆ.

“ಅಲ್ಲಿ ಆಗೋದು ಇಲ್ಲಿ ಆಗತ್ತಾ?” ಅಂತ ಮರುದಿನ ಅಕ್ಕನೇ ಎತ್ತಿದರು. ಆಗಿದೆಯಲ್ಲ ಅಕ್ಕ, ನಮ್ಮ ಕೊಯಮತ್ತೂರಿನಲ್ಲೇ ಆಗಿದೆ ಅಂದೆ.

ಹಿಪ್‌ಹಾಪ್ ತಮಿಳ ಆದಿ ಕೊಯಮತ್ತೂರಿನ ಹುಡುಗ. 1990ರಲ್ಲಿ ಹುಟ್ಟಿದ್ದು. ಗೆಳೆಯ ಜೀವಾ ಜೊತೆ ಸೇರಿ ಸಿನಿಮಾದ ಹಂಗಿಲ್ಲದೆ ಅಂತರ್ಜಾಲದಲ್ಲಿ ಹಾಡು ಬಿಟ್ಟ. 2011ರಲ್ಲಿ ‘ಕ್ಲಬ್ಬುಲ ಮಬ್ಬುಲ’ ಊರೂರು ಸುತ್ತಿತು. ಆ ಹಾಡು ಹೆಣ್ಣುಮಕ್ಕಳ ಬಗ್ಗೆ ಆಡಿದ ಮಾತು ನನಗೆ ಆಗಲೂ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ. ‘ಲೆಸ್ಲಿ’ ಕೇಳಿದ ಕಿವಿಗೆ ಅದು ಇನ್ನೂ ಚುಚ್ಚುತ್ತದೆ. ಆದರೆ ಆದಿ ಅಲ್ಲಿಗೇ ನಿಲ್ಲಲಿಲ್ಲ. 2012ರಲ್ಲಿ ‘ಹಿಪ್ ಹಾಪ್ ತಮಿಳನ್’ ಅನ್ನುವ ಇಡೀ ಆಲ್ಬಮ್ಮನ್ನೇ ತಂದ. 2015ರಲ್ಲಿ ‘ಆಂಬಳ’ ಚಿತ್ರದಿಂದ ಸಂಗೀತ ನಿರ್ದೇಶಕನಾದ, ಅದೇ ವರ್ಷ ‘ತನಿ ಒರುವನ್’. 2017ರಲ್ಲಿ ‘ಮೀಸೈಯ ಮುರುಕ್ಕು’ ಚಿತ್ರವನ್ನು ತಾನೇ ಬರೆದು, ನಿರ್ದೇಶಿಸಿ, ನಟಿಸಿದ. ತನ್ನದೇ ಬದುಕಿನ ಎಳೆಗಳನ್ನು ಅದರಲ್ಲಿ ಹೆಣೆದಿದ್ದಾನೆ. ಸಂಗೀತದ ಹುಚ್ಚು ಹಿಡಿದ ಮಗ, ಕಳವಳಪಡುವ ಹೆತ್ತವರು. ಅಕ್ಕನ ಮನೆಯ ಕಥೆಯೂ ಅದೇ ತಾನೆ?

ಜಲ್ಲಿಕಟ್ಟು ಪರವಾಗಿ ಆದಿ ಕಟ್ಟಿದ ‘ಟಕ್ಕರು ಟಕ್ಕರು’ ಹಾಡಂತೂ ಇಲ್ಲಿ ಮಕ್ಕಳ ಬಾಯಲ್ಲೆಲ್ಲ ಇತ್ತು. ಪಕ್ಕದ ಕಾಂಗೇಯಂನ ಎತ್ತುಗಳನ್ನು ನೋಡುತ್ತಾ ಬೆಳೆದ ಊರು ನಮ್ಮದು. ನಾಟಿ ತಳಿ ಉಳಿಯಬೇಕು ಅನ್ನುವ ಮಾತು ಸಭೆ ಸಮಾರಂಭಕ್ಕಿಂತ ಜೋರಾಗಿ ಆ ಹಾಡಿನಿಂದ ಹುಡುಗರ ಕಿವಿಗೆ ಬಿತ್ತು. ಓದನ್ನೂ ಆತ ಬಿಡಲಿಲ್ಲ. ಸಂಗೀತ ಉದ್ಯಮದ ಮೇಲೆ ಸಂಶೋಧನೆ ಮಾಡಿ 2023ರಲ್ಲಿ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದ. ಈ ಮಾತು ಕೇಳಿದ ಮೇಲೆ ಅಕ್ಕನ ಮಗನೂ ಬನಿಯನ್ ಕಂಪನಿಯಿಂದ ಬಂದವನು ಬೇಲಿಯ ಹತ್ತಿರ ಎರಡು ನಿಮಿಷ ನಿಂತ.

ಈಗ ನನ್ನ ಮನಸ್ಸಿನ ಮಾತಿಗೆ ಬರುತ್ತೇನೆ. ಡೇವ್ ಗೆದ್ದದ್ದು ದಕ್ಷಿಣ ಲಂಡನ್ನಿನ ಬೀದಿಯ ಇಂಗ್ಲಿಷಿನಲ್ಲಿ. ಅವನಿಗಿಂತ ಮುಂಚೆ 2003ರಲ್ಲಿ ಡಿಜ಼ಿ ರ‍್ಯಾಸ್ಕಲ್ ಅನ್ನುವ ಹದಿನೆಂಟರ ಹುಡುಗ ಅದೇ ಮರ್ಕ್ಯುರಿ ಪ್ರಶಸ್ತಿ ಪಡೆದದ್ದು ಪೂರ್ವ ಲಂಡನ್ನಿನ ಬೋ ಬಡಾವಣೆಯ ನುಡಿಯಲ್ಲಿ. ಆದಿಯ ಬೆನ್ನಿಗೆ ತಮಿಳಿತ್ತು. ಬೆಂಗಳೂರಿನ ಆಲ್ ಓಕೆ, ಎಂಸಿ ಬಿಜ್ಜು, ರಾಹುಲ್ ಡಿಟ್ಟೋ, 2018ರಲ್ಲಿ ಬಿಗ್ ಬಾಸ್ ಗೆದ್ದು ಮನೆಮಾತಾದ ಹಾಸನ ಜಿಲ್ಲೆಯ ಚಂದನ್ ಶೆಟ್ಟಿ, ಇವರಿಗೆ ಕನ್ನಡನಾಡೇ ಇದೆ. ನಮ್ಮ ಹುಡುಗನಿಗೆ ಯಾವ ನುಡಿ ಇದೆ?

ಅವನಿಗೊಂದು ಕನ್ನಡ ಇದೆ. ಯಾವ ಪುಸ್ತಕದಲ್ಲೂ ಇಲ್ಲದ ಕನ್ನಡ. ನಮ್ಮ ಈ ಕೊಂಗುನಾಡು 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು, ಅದಕ್ಕೂ ಹಿಂದೆ ಹೊಯ್ಸಳರು ಬಂದು ಹೋಗಿದ್ದರು. ಬೇರೆ ಬೇರೆ ಕಾಲದಲ್ಲಿ ಮಗ್ಗ ಹೊತ್ತು, ದನ ಹೊಡೆದುಕೊಂಡು, ನೇಗಿಲು ಹಿಡಿದು ಬಂದ ಕನ್ನಡದ ಮನೆಗಳು ಇಲ್ಲೇ ಬೇರು ಬಿಟ್ಟವು. ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳು ಮತ್ತು ಇಂಗ್ಲಿಷ್. ಕನ್ನಡ ಉಳಿದಿರುವುದು ನಾಲಗೆಯ ಮೇಲೆ, ಅಡುಗೆಮನೆಯಲ್ಲಿ, ಬೇಲಿಯ ಹತ್ತಿರ.

ಹುಡುಗ ತನ್ನ ನೋಟ್‌ಬುಕ್ ತೋರಿಸಿದ. ತಮಿಳು ಅಕ್ಷರದಲ್ಲಿ ಬರೆದ ಕನ್ನಡ. ತಾತನ ಗುಂಡಿಮಗ್ಗದ ಬಗ್ಗೆ ನಾಲ್ಕು ಸಾಲು ಕಟ್ಟಿದ್ದ:

ಗಾಳಿ ಬಂದ್ರೆ ನುಗ್ಗೆ ಕುಣೀತು,
ಲಾಳಿ ಬಂದ್ರೆ ತಾತ ಕುಣಿದ,
ತಾಳಿ ಮಾಡ್ಸಕ್ಕೆ ಸೀರೆ ನೇಯ್ದ,
ನಾಳೆ ನಾಳೆ ಅಂತ ಕಾದ.

ಓದುವಾಗ ಮೊದಲ ಪದಕ್ಕೇ ಎಡವಿದ. ತಮಿಳಿನಲ್ಲಿ ಕ, ಗ ಎರಡಕ್ಕೂ ಇರುವುದು ಒಂದೇ ಅಕ್ಷರ. ಬರೆದದ್ದು ಗಾಳಿ, ಓದಿದ್ದು ಕಾಳಿ. ಕಂಡಿಕೆ ಸುತ್ತಿ ಸುತ್ತಿ ಬೆರಳು ಸವೆದ ಅಕ್ಕ ಬೇಲಿಯಾಚೆಯಿಂದಲೇ ತಿದ್ದಿದರು: “ಕಾಳಿ ಅಲ್ಲ ಕಣೋ, ಗಾಳಿ. ಗಾ.” ಹುಡುಗ ಮತ್ತೆ ಹೇಳಿದ. ಈ ಸಲ ನುಗ್ಗೆ ಮರ, ಲಾಳಿಯ ಸದ್ದು, ಕಾಲಲ್ಲಿ ತುಳಿಯುವ ತಾತ, ಎಲ್ಲವೂ ಎದ್ದು ಬಂದವು. ಅಕ್ಷರ ಕಳೆದದ್ದನ್ನು ಬಾಯಿ ಉಳಿಸಿಕೊಂಡಿತ್ತು.

ನನಗೆ ಮೈ ಜುಮ್ಮೆಂದದ್ದು ಇನ್ನೊಂದಕ್ಕೆ. ಗಾಳಿ, ಲಾಳಿ, ತಾಳಿ, ನಾಳೆ. ಸಾಲಿನ ಮೊದಲ ಪದದ ಎರಡನೇ ಅಕ್ಷರದಲ್ಲಿ ಳಕಾರ ಕೂತಿದೆ. ನಮ್ಮ ಹಳೆಯ ಕವಿಗಳು ಪಾಲಿಸಿದ ಆದಿಪ್ರಾಸ ಇದೇ. ತಮಿಳಿನಲ್ಲಿ ಇದಕ್ಕೆ ಎದುಗೈ ಅನ್ನುತ್ತಾರೆ. ಹುಡುಗ ಛಂದಸ್ಸು ಓದಿದವನಲ್ಲ. ಶಾಲೆಯಲ್ಲಿ ಕಲಿತ ತಮಿಳು ಪದ್ಯ, ಅಜ್ಜಿಯ ಗಾದೆ, ಲಂಡನ್ನಿನ ರ‍್ಯಾಪು, ಮೂರೂ ಅವನ ಕಿವಿಯಲ್ಲಿ ಹಾಸುಹೊಕ್ಕಾಗಿ ಕೂಡಿಕೊಂಡಿವೆ.

ರ‍್ಯಾಪ್ ನಮಗೆ ಹೊರಗಿನದು ಅನ್ನುವವರಿಗೆ ಒಂದು ಮಾತು. ವಿಜಯದಶಮಿಯ ದಿನ ಕೊಯಮತ್ತೂರಿನ ರಾಜಬೀದಿಗೆ ಹೋಗಿ ನೋಡಿ. ಚೌಡೇಶ್ವರಿ ಅಮ್ಮನನ್ನು ಕರೆತರುವಾಗ ನೇಕಾರ ಹುಡುಗರು ಅಲಗು ಹಿಡಿದು, ಎದೆಗೂ ತೋಳಿಗೂ ಬೀಸಿಕೊಳ್ಳುತ್ತಾ, “ತೀಸುಕೋ, ವೇಸುಕೋ” ಅಂತ ವಾದ್ಯದ ಪೆಟ್ಟಿಗೆ ಸರಿಯಾಗಿ ಕೂಗುತ್ತಾರೆ. ಗಾಯಕ್ಕೆ ಅರಿಶಿನ ಬೀಳುತ್ತದೆ, ಕೂಗು ನಿಲ್ಲುವುದಿಲ್ಲ. ಅಮ್ಮನ ಮುಂದೆ ದಂಡಕ ಹೇಳುವ ಹಿರಿಯರಿದ್ದಾರೆ. ದಂಡಕ ಅಂದರೆ ಉಸಿರು ಬಿಗಿಹಿಡಿದು ಉದ್ದಕ್ಕೆ ಓಡುವ ಲಯ. ಒಬ್ಬರು ಹೇಳುವುದು, ಹತ್ತು ಜನ ಒಪ್ಪಿ ಕೂಗುವುದು, ತಾಳ ತಪ್ಪದಿರುವುದು. ಲಂಡನ್ನಿನ ಗ್ರೈಮ್ ಅನ್ನುವ ರ‍್ಯಾಪ್ ಸಂಗೀತ ನಿಮಿಷಕ್ಕೆ ಸುಮಾರು 140 ಪೆಟ್ಟಿನ ವೇಗದಲ್ಲಿ ಓಡುತ್ತದೆ. ಆ ವೇಗ ಕಂಡು ನಮ್ಮ ಮಕ್ಕಳ ನಾಲಗೆ ಹೆದರಬೇಕಾಗಿಲ್ಲ.

ಡೇವ್‌ನ ಬದುಕಿನಲ್ಲಿ ನನಗೆ ಬಹಳ ಹಿಡಿಸಿದ ಒಂದು ಗಳಿಗೆಯಿದೆ. 2019ರ ಗ್ಲಾಸ್ಟನ್‌ಬರಿ ಸಂಗೀತ ಜಾತ್ರೆಯಲ್ಲಿ ಜನರ ನಡುವಿನಿಂದ ಹದಿನೈದು ವರ್ಷದ ಒಬ್ಬ ಹುಡುಗನನ್ನು ವೇದಿಕೆಗೆ ಕರೆದ. ಆ ಹುಡುಗ ‘ಥಿಯಾಗೋ ಸಿಲ್ವಾ’ ಹಾಡನ್ನು ಒಂದು ಪದ ತಪ್ಪದೆ ಅವನ ಸಮಕ್ಕೆ ನಿಂತು ಹೇಳಿದ. ಇಡೀ ಮೈದಾನ ಎದ್ದು ಕುಣಿಯಿತು. ಅಷ್ಟೊತ್ತಿಗಾಗಲೇ ಹೆಸರು ಮಾಡಿದ್ದ ಡೇವ್ ಆ ಗಳಿಗೆಯಲ್ಲಿ ಮೈಕನ್ನು ಇನ್ನೊಬ್ಬನ ಕೈಗೆ ಕೊಟ್ಟ. ಹುಡುಗರಿಗೆ ಬೇಕಾದದ್ದು ಅದೇ. ಬಾ, ನಿಲ್ಲು, ಹೇಳು ಅನ್ನುವ ಒಂದು ಕೈ.

ಅಕ್ಕ ಈಗ ಸಂಜೆ ಮಾಳಿಗೆ ಮೆಟ್ಟಿಲ ಮೇಲೆ ಕೂರುತ್ತಾರೆ. ಹುಡುಗನಿಗೆ ಮಗ್ಗದ ಪದ ಬೇಕಾದಾಗಲೆಲ್ಲ ಒಂದೊಂದಾಗಿ ಕೊಡುತ್ತಾರೆ: ಕಂಡಿಕೆ, ಹಾಸು, ಹೊಕ್ಕು, ಲಾಳಿ. ನಾನು ಅವನಿಗೆ ಕನ್ನಡ ಅಕ್ಷರಮಾಲೆ ಬರೆದು ಕೊಟ್ಟಿದ್ದೇನೆ. ಮೊದಲು ಕಲಿತ ಅಕ್ಷರ ಗ.

ಗಡಿಯಾಚೆ ಈಚೆ ಇರುವ ಕನ್ನಡದ ಮನೆಗಳವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಮಾಳಿಗೆ ಮೇಲೆ ನಿಂತು ಗಡಗಡ ಅಂತ ಏನೋ ಹೇಳುತ್ತಿದ್ದರೆ ಗದರಬೇಡಿ. ಒಂದು ಸಲ ಪೂರ್ತಿ ಕೇಳಿ. ಹೆಣ್ಣನ್ನೋ ಬಡವರನ್ನೋ ಹೀಗಳೆಯುವ ಮಾತು ಬಂದರೆ ತಡೆದು ಬುದ್ಧಿ ಹೇಳಿ. ಪದ ತಪ್ಪಿದರೆ ತಿದ್ದಿ, ಪದ ಸಿಗದಿದ್ದರೆ ನಿಮ್ಮ ನೆನಪಿನಿಂದ ತೆಗೆದು ಕೊಡಿ. ಬರವಣಿಗೆಯಿಲ್ಲದ ನಮ್ಮ ಕನ್ನಡ ಇಷ್ಟು ದಿನ ಉಳಿದದ್ದು ಬಾಯಿಂದ ಬಾಯಿಗೆ ದಾಟಿ. ಮುಂದೆ ಉಳಿಯುವುದೂ ಹಾಗೆಯೇ.