ಘೃತಾಧಿಕಾರ ನಿರ್ಣಯ

ಎಲೆಗೆ ಬೀಳುವ ತುಪ್ಪಕ್ಕೆ ಅಧಿಕಾರಿ ಯಾರು ಎಂಬುದೇ ಈ ಗ್ರಂಥದ ವಿಷಯ. ಪೂರ್ವಸೂರಿಗಳಿಗೆ ಈ ಸಂಶಯವಿರಲಿಲ್ಲ. ಡಬ್ಬದಲ್ಲಿ ತುಪ್ಪ ಎಷ್ಟುಳಿದಿದೆ ಎಂಬುದಷ್ಟೇ ಅವರ ಚಿಂತೆ. ಈಗ ಒಂದೇ ಪಂಕ್ತಿಯಲ್ಲಿ ಕೀಟೋದವರು, ವೀಗನ್ನರು, ಹಾಲು ಒಗ್ಗದವರು ಒಟ್ಟಿಗೆ ಕೂರುವುದರಿಂದ ಶಾಸ್ತ್ರ ಬೇಕಾಗಿದೆ.

ಮೊದಲು ಲಕ್ಷಣ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 80 ಪಾಲು ಕೊಬ್ಬು, 16 ಪಾಲು ನೀರು, ಉಳಿದದ್ದು ಹಾಲಿನ ಅಂಶ. ಕಾಯಲಿಟ್ಟರೆ ನೀರು ಗಲಾಟೆ ಮಾಡಿಕೊಂಡು ಹೊರಡುತ್ತದೆ. ಚಟಪಟ ಅಡಗಿ, ನೊರೆ ತಿಳಿಯಾಗಿ, ತಳದ ಗಸಿ ಕೆಂಪಗಾಗುತ್ತಲೇ ಇಳಿಸತಕ್ಕದ್ದು. ಆಗ ಹಾಕಬೇಕಾದದ್ದು ನುಗ್ಗೆಸೊಪ್ಪೋ ವೀಳ್ಯದೆಲೆಯೋ ಎಂಬಲ್ಲಿ ಅತ್ತೆಯ ಭಾಷ್ಯಕ್ಕೂ ಸೊಸೆಯ ಟೀಕೆಗೂ ಇನ್ನೂ ಸಮನ್ವಯವಾಗಿಲ್ಲ. ಸೋಸಿದ ಮೇಲೆ ಉಳಿಯುವುದು 99ಕ್ಕೂ ಮೀರಿದ ಪಾಲು ಕೊಬ್ಬು. ಗಸಿಗೆ ಸಕ್ಕರೆ ಕಲಸಿ ತಿನ್ನುವ ಬಾಲಸಂಪ್ರದಾಯಕ್ಕೆ ಪ್ರಮಾಣ ಬೇಕಿಲ್ಲ, ಅದು ಸ್ವತಃಪ್ರಮಾಣ.

ಪೂರ್ವಪಕ್ಷ: ಹಾಲು ಒಗ್ಗದವರಿಗೆ ತುಪ್ಪವೂ ಒಗ್ಗದು, ಎರಡೂ ಹಸುವಿನವೇ ಆದ್ದರಿಂದ. ಇದು ಅಸಾಧು. ಸಗಣಿಯೂ ಹಸುವಿನದೇ. ಹೊಟ್ಟೆ ಉಬ್ಬರಿಸುವುದು ಲ್ಯಾಕ್ಟೋಸ್ ಎಂಬ ಸಕ್ಕರೆ. ಅದು ಬಹುಪಾಲು ಮಜ್ಜಿಗೆಯಲ್ಲಿ, ಗಸಿಯಲ್ಲಿ ಕಳೆದುಹೋಗಿ ತುಪ್ಪದಲ್ಲಿ ಲೆಕ್ಕಕ್ಕೇ ಬಾರದಷ್ಟು ಅಲ್ಪವಾಗಿ ಉಳಿಯುತ್ತದೆ. ಆದರೆ ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವವರ ಮಾತು ಬೇರೆ. ಎಷ್ಟೇ ಸೋಸಿದರೂ ಕೇಸಿನ್‌ನ ಲೇಶ ಉಳಿಯಬಹುದು. ಅವರ ಎಲೆಯ ಮುಂದೆ ಶಾಸ್ತ್ರಿಗಳು ಬಾಯಿ ಮುಚ್ಚಿ ವೈದ್ಯರನ್ನು ಕೇಳತಕ್ಕದ್ದು.

ಕೀಟೋ ಮತದಲ್ಲಿ ಅನ್ನವೇ ಮಾಯೆ, ತುಪ್ಪವೇ ಪರಮಾರ್ಥ. ತುಪ್ಪದಲ್ಲಿ ಪಿಷ್ಟವಿಲ್ಲ, ಹೌದು. ಆದರೆ ಅನ್ನವನ್ನು ಬಿಟ್ಟ ಮೇಲೆ ತುಪ್ಪ ಯಾವುದನ್ನು ಆಶ್ರಯಿಸಬೇಕು? ಆಶ್ರಯವಿಲ್ಲದ ತುಪ್ಪವನ್ನು ಕಾಫಿಗೆ ಸುರಿದು ಕುಡಿಯುವವರನ್ನು ಕಂಡು ಈ ಗ್ರಂಥಕರ್ತ ದಿಗ್ಭ್ರಾಂತನಾಗಿದ್ದಾನೆ.

ವೀಗನ್ನರಿಗೆ ನಿಷೇಧ, ಇಲ್ಲಿ ವಿಚಾರಕ್ಕೆ ಎಡೆಯಿಲ್ಲ. ಏಕಾದಶಿಯವರಿಗೆ ಸಾಮಾನ್ಯವಾಗಿ ನಡೆಯುತ್ತದೆ. ನಿರ್ಜಲದವರು ಕೇಳುವುದೇ ಬೇಡ. ಜೈನರಿಗೆ ಎಂದಿನ ದಿನ ಅಡ್ಡಿಯಿಲ್ಲ, ಆಯಂಬಿಲ ವ್ರತದಲ್ಲಿ ಹಾಲು, ಮೊಸರು, ಎಣ್ಣೆ, ಬೆಲ್ಲಗಳ ಜೊತೆ ತುಪ್ಪವೂ ವರ್ಜ್ಯ.

ಸಾಲ ಮಾಡಿಯಾದರೂ ತುಪ್ಪ ಕುಡಿಯಿರೆಂದು ಚಾರ್ವಾಕರು ಹೇಳಿದರೆಂಬ ಮಾತು 14ನೆಯ ಶತಮಾನದ ‘ಸರ್ವದರ್ಶನಸಂಗ್ರಹ’ದಲ್ಲಿದೆ. ಅವರ ಸ್ವಂತ ಗ್ರಂಥಗಳು ಬಹುತೇಕ ಉಳಿದಿಲ್ಲ. ಎದುರಾಳಿಗಳು ಬರೆದಿಟ್ಟದ್ದೇ ಗತಿ. ಸಾಲ ಕೊಟ್ಟವರ ಗತಿಯನ್ನು ಯಾರೂ ಬರೆದಿಲ್ಲ.

ಉತ್ತರಪಕ್ಷವಾಗಿ ಹೃದಯವಾದಿಗಳು ಎದ್ದು ನಿಲ್ಲುತ್ತಾರೆ. ತುಪ್ಪದ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಯಾಚುರೇಟೆಡ್. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆ ಬಗೆಯ ಕೊಬ್ಬು ದಿನದ ಶಕ್ತಿಯಲ್ಲಿ ಶೇ. 10 ಮೀರಬಾರದು, ಅಂದರೆ 2000 ಕ್ಯಾಲೊರಿ ಉಣ್ಣುವವರಿಗೆ ಸುಮಾರು 22 ಗ್ರಾಂ. ಮೂರು ದೊಡ್ಡ ಚಮಚ ತುಪ್ಪಕ್ಕೆ ಈ ಕೋಟಾ ಮುಗಿಯಿತು. ಹೋಳಿಗೆಯ ಮೇಲೆ ಬೀಳುವ ತುಪ್ಪ ಲೆಕ್ಕಕ್ಕಿಲ್ಲ ಎಂಬ ಸ್ಮೃತಿವಾಕ್ಯ ಪ್ರಕ್ಷಿಪ್ತ.

ಹೀಗೆ ಎಲ್ಲ ನಿರ್ಣಯವಾದರೂ ಪಂಕ್ತಿಯಲ್ಲಿ ಗೆಲ್ಲುವುದು ಬಡಿಸುವವರ ಮಿಳ್ಳೆಯೇ. “ಬೇಡ ಅತ್ತೆ, ಬೇಡ” ಎನ್ನುತ್ತ ಎಲೆಗೆ ಅಡ್ಡ ಹಿಡಿದ ಕೈಯ ಬೆರಳುಗಳು ಬಿಡಿಬಿಡಿಯಾಗಿರುತ್ತವೆ. ತುಪ್ಪ ಆ ಸಂದಿಯಲ್ಲೇ ಇಳಿಯುತ್ತದೆ. ಆದುದರಿಂದ ವಾಚಕ ಮಹಾಶಯರಲ್ಲಿ ಅರಿಕೆ: ನಿಜಕ್ಕೂ ಬೇಡದವರು ಬೆರಳು ಜೋಡಿಸಿ ಹಿಡಿಯಿರಿ.